ಸುಟ್ಟುಹೋದ ಯಂತ್ರದ ಬೆಲೆ

"ಅಕ್ಷರಗಳೆಲ್ಲ ಎಲ್ಲಿ ಹೋದ್ವಮ್ಮ?" ಎಂದು ಮೇಷ್ಟ್ರು ಕೀಬೋರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಕೇಳಿದರು.

"ಯಾವ ಅಕ್ಷರ?"

"ಗುಂಡಿ ಮೇಲೆ ಅಚ್ಚಾಗಿರುತ್ತಲ್ಲ, ಅದು. ಒಂಬತ್ತು ಗುಂಡಿ ಮೇಲೆ ಉಳಿದಿದೆ. ಮಿಕ್ಕಿದ್ದೆಲ್ಲ ಬೋಳು."

"ಹದಿನೆಂಟು ವರ್ಷ ಕುಟ್ಟಿದ್ರೆ ಸವೀದೆ ಇರುತ್ತಾ ಮೇಷ್ಟ್ರೇ? ಯಾವ ಅಕ್ಷರ ಎಲ್ಲಿದೆ ಅಂತ ನನ್ನ ಬೆರಳಿಗೆ ಗೊತ್ತು. ಗುಂಡಿಗೆ ಗೊತ್ತಿಲ್ದಿದ್ರೂ ನಡೆಯುತ್ತೆ," ಎಂದಳು ಟೈಪಿಂಗ್ ಅಕ್ಕ.

"ನಿಮಗೆ ನಡೆಯುತ್ತೆ. ಕೊಳ್ಳೋನಿಗೆ ನಡೆಯಲ್ಲ," ಎಂದು ಮೇಷ್ಟ್ರು ಕಾಗದದ ಮೇಲೆ ಬರೆದುಕೊಂಡರು: ಕೀಬೋರ್ಡು, ಹನ್ನೆರಡು ಸಾವಿರ ಕಳೆ.

ಮೇಷ್ಟ್ರು ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಹಳೆಯ ಕಂಪ್ಯೂಟರುಗಳಿಗೆ ಬೆಲೆ ಕಟ್ಟುವುದು ಅವರ ಕಸುಬು. ಒಂದು ಕಾಲದಲ್ಲಿ ಅವೇ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಿದ್ದರು. ರಿಪೇರಿ ಮಾಡಿಸುವವರು ಇಲ್ಲವಾದ ಮೇಲೆ, ಹಳೆಯದನ್ನು ಹುಡುಕಿಕೊಂಡು ಬಂದು ಗಾಜಿನ ಬೀರುವಿನಲ್ಲಿಟ್ಟುಕೊಳ್ಳುವ ಶೋಕಿಯವರು ಹುಟ್ಟಿಕೊಂಡರು. ಅವರಿಗೂ ಮಾರುವವರಿಗೂ ನಡುವೆ ನಂಬಿಕಸ್ಥನೊಬ್ಬ ಬೇಕಿತ್ತು. ಜನ ಅವರಿಗೆ 'ಕಳೆಯೋ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಯಾವ ಯಂತ್ರ ತಂದರೂ ಮೊದಲು ಕಾಗದದ ನೆತ್ತಿಯ ಮೇಲೆ, ಪೆಟ್ಟಿಗೆ ಬಿಚ್ಚದ ಹೊಚ್ಚ ಹೊಸ ಸ್ಥಿತಿಯಲ್ಲಿ ಅದು ಎಷ್ಟಕ್ಕೆ ಹೋದೀತು ಎಂದು ಬರೆಯುವರು. ಅಲ್ಲಿಂದ ಕೆಳಕ್ಕೆ ಬರೀ ಕಳೆಯುವುದೇ. ಅವರು ಒಂದು ಸಲ ಕೂಡಿಸಿದ್ದನ್ನು ಕಂಡವರಿಲ್ಲ.

ಅಕ್ಕನ ಯಂತ್ರದ ನೆತ್ತಿಯ ಬೆಲೆ ಒಂದು ಲಕ್ಷ ಹತ್ತು ಸಾವಿರ. ಅದನ್ನು ನೋಡಿದಾಗ ಅವಳ ಮುಖ ಇಷ್ಟಗಲ ಆಗಿತ್ತು. ಪಾಪ, ಕೆಳಗಿನ ಸಾಲುಗಳಿನ್ನೂ ಖಾಲಿಯಿದ್ದವು.

ಮೇಷ್ಟ್ರು ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ ಒಂದು ಬಟ್ಟಲಿಗೆ ಹಾಕಿದರು. ಹೊರಗಿನ ಕವಚ ಬೆಣ್ಣೆ ಬಣ್ಣದಿಂದ ಅರಿಸಿನಕ್ಕೆ ತಿರುಗಿತ್ತು. ಹದಿನೈದು ಸಾವಿರ ಹೋಯಿತು. ಎರಡು ಫ್ಲಾಪಿ ಡ್ರೈವುಗಳಲ್ಲಿ ಒಂದು ಬೇರೆ ಕಂಪನಿಯದು, ಯಾವಾಗಲೋ ಕೆಟ್ಟಾಗ ಹಾಕಿಸಿದ್ದು, ಹದಿನಾಲ್ಕು. ಪೆಟ್ಟಿಗೆ ಇಲ್ಲ, ಜೊತೆಗೆ ಬಂದ ಪುಸ್ತಕಗಳಿಲ್ಲ, ಇಪ್ಪತ್ತು. ಅಕ್ಕ ಒಂದೊಂದು ಸಾಲನ್ನೂ ಓದಿಕೊಳ್ಳುತ್ತಿದ್ದಳು. ಪರದೆಯ ಗಾಜಿನ ಮೇಲ್ತುದಿಯನ್ನು ಮೇಷ್ಟ್ರು ಬೆರಳಿನಿಂದ ಸವರಿದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ.

"ಅದೂ ಕೊರತೆನಾ?"

"ನೋಡಿ, ಆಫ್ ಇದ್ರೂ ಒಂದು ಸಾಲು ಕಾಣುತ್ತೆ. ಟೈಪಿಂಗ್ ಪ್ರೋಗ್ರಾಮಿನ ಮೇಲಿನ ಪಟ್ಟಿ. ದಿನವೂ ಅದೇ ಜಾಗದಲ್ಲಿ ಉರಿದೂ ಉರಿದೂ ಗಾಜಿಗೇ ಅಂಟಿಬಿಟ್ಟಿದೆ. ಇಪ್ಪತ್ತು ಸಾವಿರ."

"ಅಯ್ಯೋ ನಿಮ್ಮ! ದುಡಿದದ್ದಕ್ಕೆಲ್ಲ ದಂಡ ಹಾಕ್ತೀರಲ್ಲ! ಹಂಗಾದ್ರೆ ಇದನ್ನ ತಂದ ದಿನವೇ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ರೆ ಒಳ್ಳೆ ಬೆಲೆ ಬರ್ತಿತ್ತಾ?"

"ಬರ್ತಿತ್ತು," ಎಂದರು ಮೇಷ್ಟ್ರು. ಅವರಿಗೆ ಸುಳ್ಳು ಬರುವುದಿಲ್ಲ. ಸಮಾಧಾನದ ಸುಳ್ಳೂ ಬರುವುದಿಲ್ಲ. ಅದಕ್ಕೇ ಅವರ ಹೆಂಡತಿ ಹೊಸ ಸೀರೆ ಉಟ್ಟ ದಿನ ಅವರೆದುರು ಸುಳಿಯುತ್ತಿರಲಿಲ್ಲವಂತೆ.

ಹಳೆಯ ಯಂತ್ರವನ್ನು ನೇರವಾಗಿ ಕರೆಂಟಿಗೆ ಹಾಕುವವರನ್ನು ಕಂಡರೆ ಮೇಷ್ಟ್ರಿಗೆ ಆಗದು. ಅವರು ನಡುವೆ ಒಂದು ಬಲ್ಬನ್ನು ಸೇರಿಸುತ್ತಾರೆ. ಒಳಗೆ ಎಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬು ಝಗ್ಗೆಂದು ಉರಿದು ಏಟನ್ನು ತಾನು ತಿನ್ನುತ್ತದೆ, ಯಂತ್ರ ಉಳಿಯುತ್ತದೆ. ಸ್ವಿಚ್ಚು ಒತ್ತಿದಾಗ ಬಲ್ಬು ಒಂದು ಕ್ಷಣ ಮಿನುಗಿ ಮಂಕಾಯಿತು. ಮೇಷ್ಟ್ರು ಸಮಾಧಾನದಿಂದ ತಲೆಯಾಡಿಸಿದರು. ಆಮೇಲೆ ಬಲ್ಬು ತೆಗೆದು ಹಚ್ಚಿದರೆ ಪರದೆಯ ಮೂಲೆಯಲ್ಲಿ ಹಸಿರು ಗೆರೆಯೊಂದು ಮಿಟುಕತೊಡಗಿತು. ಅಕ್ಕ ಎರಡೂ ಕೈಗಳನ್ನು ಕೆನ್ನೆಗೆ ಒತ್ತಿಕೊಂಡು, "ಇದೆ, ಜೀವ ಇದೆ!" ಎಂದಳು.

"ಜೀವಕ್ಕೇನು, ಗಟ್ಟಿಯಾಗಿದೆ." ಮೇಷ್ಟ್ರು ಯಂತ್ರದ ಬೆನ್ನು ತಿರುಗಿಸಿದರು. ಅಲ್ಲಿ ಬಿಳಿ ಪೇಂಟಿನಲ್ಲಿ ಒಂದು ನಂಬರು ಬರೆದಿತ್ತು. "ಇದು ಯಾವುದೋ ಆಫೀಸಿನ ಆಸ್ತಿ ನಂಬರು. ಇದಕ್ಕೊಂದು ಎಂಟು ಸಾವಿರ ಹೋಯ್ತು. ಅದಿರಲಿ, ಕಾಗದ ಇದೆಯಾ? ಕಾಗದ ಇಲ್ದಿದ್ರೆ ನಾನು ಮುಟ್ಟೋದೇ ಇಲ್ಲ."

ಅಕ್ಕ ಬ್ಯಾಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಚೀಟಿಯೊಂದನ್ನು ತೆಗೆದುಕೊಟ್ಟಳು. ಮಡಿಕೆಯಲ್ಲಿ ಹರಿಯುವಂತಾಗಿತ್ತು. 'ಸುಟ್ಟುಹೋದ ಯಂತ್ರ, ಒಂದು. ದುರಸ್ತಿಗೆ ಯೋಗ್ಯವಲ್ಲ. ರದ್ದಿ ಬೆಲೆಗೆ ಮಾರಾಟ, ನೂರ ಇಪ್ಪತ್ತು.' ಕೆಳಗೆ ಕೊಂಡವರ ಹೆಸರು. ಅದು ಅಕ್ಕನ ಹೆಸರಲ್ಲ, ಒಬ್ಬ ಗಂಡಸಿನದು. ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಮತ್ತೊಮ್ಮೆ ಟಾರ್ಚು ಹಾಕಿ ಯಂತ್ರದ ಒಳಗೆ ಇಣುಕಿದರು.

"ಚೀಟಿ ತಾರೀಖು ನೋಡಿದ್ರೆ ಆಗ ಯಂತ್ರಕ್ಕೆ ಮೂರೇ ವರ್ಷ. ಸುಟ್ಟಿತ್ತು ಅಂತ ಬರೆದಿದೆ. ಎಲ್ಲಿ ಸುಟ್ಟಿದ್ದು? ಪವರ್ ಸಪ್ಲೈ ಕಂಪನಿಯದೇ, ಬೋರ್ಡು ಕಂಪನಿಯದೇ, ಒಂದು ಕಡೆಯೂ ಕಪ್ಪು ಹಿಡಿದಿಲ್ಲ."

"ಸತ್ತೇ ಹೋಗಿತ್ತಂತೆ. ನನ್ನ ಕೈಗೆ ಬಂದು ಬದುಕಿತು. ನನ್ನ ಕೈಗುಣ ಅಂತ ಮನೇಲೆಲ್ಲ ಹೇಳ್ತಾರೆ," ಎಂದು ಅಕ್ಕ ನಾಚಿಕೊಂಡಳು.

ಕೈಗುಣಕ್ಕೆ ಮೇಷ್ಟ್ರ ಕಾಗದದಲ್ಲಿ ಸಾಲಿರಲಿಲ್ಲ. ಅವರು ಒಟ್ಟು ಹಾಕಿದರು. ಇಪ್ಪತ್ತೊಂದು ಸಾವಿರ.

ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. "ಮೇಷ್ಟ್ರೇ, ದಮ್ಮಯ್ಯ, ಎಂಬತ್ತೆರಡು ಸಾವಿರ ಅಂತ ಬರೆದುಕೊಡಿ," ಎಂದಳು.

"ಏನಂದ್ರಿ?"

"ಎಂಬತ್ತೆರಡು. ದುಡ್ಡು ಯಾರೂ ಕೊಡಬೇಕಾಗಿಲ್ಲ, ನನ್ನ ಹತ್ರ ಇದೆ. ನಿಮ್ಮ ಕಾಗದ ಒಂದು ಬೇಕು."

"ನಿಮ್ಮ ಯಂತ್ರವನ್ನ ನೀವೇ ಕೊಳ್ತೀರಾ? ನಿಮಗೇನು ತಲೆಗಿಲೆ ಕೆಟ್ಟಿದೆಯಾ?"

"ನಂದಲ್ಲ ಅಂತ ಚೀಟೀಲೇ ಇದೆಯಲ್ಲ. ನಮ್ಮ ಸಾಹೇಬರದ್ದು," ಎಂದಳು ಅಕ್ಕ. ಆಮೇಲೆ ಹೇಳಿದ್ದು ಇಷ್ಟು.

ಯಂತ್ರದ ಬೆನ್ನ ಮೇಲಿನ ನಂಬರಿನ ಸರ್ಕಾರಿ ಆಫೀಸಿನಲ್ಲಿ, ಸಾಹೇಬರ ಕೈಕೆಳಗೆ ಅವಳು ದಿನಗೂಲಿಯ ಟೈಪಿಸ್ಟ್ ಆಗಿದ್ದಳು. ಅಪ್ಪ ತೀರಿಕೊಂಡಿದ್ದ; ಕಾಯಿಲೆಯ ಅಮ್ಮ, ಶಾಲೆಗೆ ಹೋಗುವ ಇಬ್ಬರು ತಂಗಿಯರು. ಒಂದು ದಿನ ದಿನಗೂಲಿಯವರನ್ನೆಲ್ಲ ತೆಗೆಯಬೇಕೆಂದು ಮೇಲಿನಿಂದ ಆದೇಶ ಬಂತು. ಹಾಳೆಯಲ್ಲಿ ಒಂದು ತಪ್ಪು ಕಂಡರೂ ಇಡೀ ಪುಟ ಹರಿದುಹಾಕಿಸುತ್ತಿದ್ದ ಸಾಹೇಬರು ಅವಳನ್ನು ಕರೆದು ವಿಷಯ ಹೇಳಿ, ತಲೆ ಎತ್ತದೆ ಕೂತಿದ್ದರು. ತಿಂಗಳು ಕಳೆದ ಮೇಲೆ ಒಂದು ಭಾನುವಾರ ತಳ್ಳುಗಾಡಿಯಲ್ಲಿ ಈ ಯಂತ್ರವನ್ನು ಹೇರಿಸಿಕೊಂಡು ಅವಳ ಮನೆಗೆ ಬಂದರು. "ರದ್ದಿಗೆ ಹೋಗ್ತಿತ್ತು, ತಗೊಂಡೆ. ನಮ್ಮ ಮನೇಲಿ ಇಡೋಕೆ ಜಾಗ ಇಲ್ಲ. ನಿನ್ನ ಹತ್ರ ಇರಲಿ," ಎಂದರು. ಟೀ ಕೂಡ ಕುಡಿಯಲಿಲ್ಲ. ಅಂದಿನಿಂದ ಅಕ್ಕನ ಮನೆಯ ಮುಂಬಾಗಿಲಿಗೆ 'ಇಲ್ಲಿ ಟೈಪ್ ಮಾಡಿಕೊಡಲಾಗುವುದು' ಎಂಬ ಹಲಗೆ ಬಿತ್ತು. ಅರ್ಜಿ, ಕರಾರು, ಪ್ರಶ್ನೆಪತ್ರಿಕೆ, ಮುನ್ನೂರು ಪುಟದ ಪ್ರಬಂಧ. ತಂಗಿಯರಿಬ್ಬರ ಓದು, ಅಮ್ಮನ ಔಷಧಿ, ಕೊನೆಗೆ ಸ್ವಂತಕ್ಕೆ ಎರಡು ಕೋಣೆಯ ಮನೆ, ಎಲ್ಲ ಈ ಹಸಿರು ಪರದೆಯ ಮುಂದೆಯೇ ಆದದ್ದು.

"ಇರಲಿ ಅಂದ್ರು ನೋಡಿ. ತಗೋ ಅನ್ನಲಿಲ್ಲ. ಹಂಗಾಗಿ ನಾನು ಇಟ್ಟುಕೊಂಡಿದ್ದೀನಿ ಅಷ್ಟೇ."

"ಈಗ?"

"ಈಗ ಅವರಿಗೆ ಕಿವಿ ಪೂರ್ತಿ ಹೋಗಿದೆ. ಲೈಬ್ರರಿಗೆ ಹೋಗಿ ಚೆಸ್ ಆಡ್ತಿದ್ರು, ಬಿಟ್ಟರು. ಯಾರು ಏನು ಹೇಳಿದ್ರೂ ಹೌದು ಹೌದು ಅಂತ ತಲೆ ಆಡಿಸ್ತಾರೆ. ಹೋದ ತಿಂಗಳು ಹಿಂದಕ್ಕೆ ಬರ್ತಿದ್ದ ಲಾರಿ ಸದ್ದು ಕೇಳದೆ ಮೊಣಕೈ ತರಚಿಕೊಂಡ್ರು. ಕೂದಲೆಳೆಯಲ್ಲಿ ಉಳಿದದ್ದು. ಎರಡು ಕಿವಿಗೂ ಒಳ್ಳೆ ಮಷೀನು ಅಂದ್ರೆ ಎಂಬತ್ತೆರಡು ಸಾವಿರ. ಮಗಳು ಕೊಡಿಸ್ತೀನಿ ಅಂದ್ರೆ ಜಪ್ಪಯ್ಯ ಅಂದ್ರೂ ಒಪ್ಪಲ್ಲ. ನಾನೊಂದು ಸಲ ಲಕೋಟೆಯಲ್ಲಿ ಇಟ್ಟುಕೊಟ್ಟೆ. ಮೆಟ್ಟಿಲ ತನಕ ಅಟ್ಟಿಸಿಕೊಂಡು ಬಂದು ನನ್ನ ಬ್ಯಾಗಿಗೇ ತುರುಕಿದ್ರು. ಆದ್ರೆ ಅವರದೇ ವಸ್ತುವಿನ ಬೆಲೆ ಬಂದ್ರೆ ಬೇಡ ಅನ್ನೋಕೆ ಬಾಯಿ ಎಲ್ಲಿದೆ?"

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಅಕ್ಕನ ಮೇಲೆ ಮರುಕ ಉಕ್ಕಿತು, ಅದರ ಜೊತೆಗೇ ಸಿಟ್ಟೂ ಬಂತು. "ನಾನು ಇಪ್ಪತ್ತೆರಡು ವರ್ಷದಿಂದ ಒಂದು ಪೈಸೆ ಹೆಚ್ಚು ಬರೆದವನಲ್ಲ. ನಾಳೆ ಈ ಕಾಗದ ಹಿಡ್ಕೊಂಡು ಇನ್ನೊಬ್ಬ ಬಂದ್ರೆ ಏನು ಹೇಳ್ಲಿ? ಆಗಲ್ಲಮ್ಮ. ಇಪ್ಪತ್ತೊಂದೇ."

ಅಕ್ಕ ಕೀಬೋರ್ಡಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ವೈರನ್ನು ನೀಟಾಗಿ ಸುತ್ತತೊಡಗಿದಳು. ಆ ಸುತ್ತುವುದನ್ನು ನೋಡಲಾಗದೆ ಮೇಷ್ಟ್ರು ಕಣ್ಣನ್ನು ತಮ್ಮ ಕಾಗದಕ್ಕೆ ಹೊರಳಿಸಿದರು. ಮುದ್ರಿಸಿದ ಫಾರಮ್ಮು ಅದು. ಅದರ ಅಡಿಯಲ್ಲಿ, ಪ್ರೆಸ್ಸಿನವನು ಯಾವುದೋ ಬೇರೆ ಫಾರಮ್ಮಿನಿಂದ ಎತ್ತಿ ಹಾಕಿದ್ದ ಒಂದು ಸಾಲು ಇತ್ತು. ಇಷ್ಟು ವರ್ಷದಲ್ಲಿ ಅವರು ಅದನ್ನು ಒಮ್ಮೆಯೂ ತುಂಬಿರಲಿಲ್ಲ.

"ನಿಲ್ಲಿ ನಿಲ್ಲಿ. ಇಲ್ಲೊಂದು ಇದೆ. 'ಕೊಳ್ಳುವವರು ಒಪ್ಪಿದ ಬೆಲೆ'. ಮಾರುಕಟ್ಟೆ ಬೆಲೆ ಇಪ್ಪತ್ತೊಂದು, ಅದನ್ನ ನಾನು ಹೇಳ್ತೀನಿ. ಆದ್ರೆ ಕೊಳ್ಳೋರು ಎಂಬತ್ತೆರಡು ಕೊಡ್ತೀನಿ ಅಂದ್ರೆ ತಡೆಯೋಕೆ ನಾನ್ಯಾರು? ನೀವು ನಿಜವಾಗ್ಲೂ ಕೊಳ್ತೀರಾ?"

"ಈಗಲೇ ಎಣಿಸಿ ಕೊಡ್ತೀನಿ."

"ಹಂಗಾದ್ರೆ ಇದು ಸುಳ್ಳಲ್ಲ," ಎಂದು ಮೇಷ್ಟ್ರು ಅಂಕಿಯಲ್ಲೂ ಅಕ್ಷರದಲ್ಲೂ ಬರೆದರು. ಬರೆದಾದ ಮೇಲೆ ಅವರ ಮುಖದಲ್ಲಿ ಕದ್ದು ಸಕ್ಕರೆ ತಿಂದವರ ಕಳೆ ಇತ್ತು. "ಒಂದು ಮಾತು. ನನ್ನ ಪದ್ಧತಿ ಗೊತ್ತಲ್ಲ. ಯಜಮಾನರ ಎದುರಿಗೆ, ಯಂತ್ರ ಮುಂದಿಟ್ಟುಕೊಂಡು, ಒಂದೊಂದು ಸಾಲೂ ಓದಿ ಹೇಳ್ತೀನಿ. ಅವರಿಗೆ ಅರ್ಥ ಆಗಿ ಒಪ್ಪಿಗೆ ಆದ್ರೇನೇ ಸಹಿ. ಮತ್ತೆ ನನ್ನ ಫೀಸು ಮುಂಗಡ."

ಅಕ್ಕ ನಗುತ್ತಲೇ ಫೀಸು ಕೊಟ್ಟಳು. ಮೇಷ್ಟ್ರು ನಗದೇ ಎಣಿಸಿಕೊಂಡರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಯಂತ್ರವನ್ನು ಹೊತ್ತುಕೊಂಡು ಸಾಹೇಬರ ಮನೆಯ ಮೆಟ್ಟಿಲು ಹತ್ತಿದರು. ಮಗಳು ಕೆಲಸಕ್ಕೆ ಹೋಗಿದ್ದಳು. ಬಾಗಿಲು ಬಡಿದು ಪ್ರಯೋಜನವಿಲ್ಲವೆಂದು ಅಕ್ಕ ಕಿಟಕಿಯ ಬಳಿ ಹೋಗಿ ಕೈ ಬೀಸಿದಳು. ಸಾಹೇಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಎದ್ದು ಬಂದು ಬಾಗಿಲು ತೆಗೆದವರು ಮೇಷ್ಟ್ರ ತೋಳಿನಲ್ಲಿದ್ದ ಪರದೆಯನ್ನು ಕಂಡು, "ಅರೆ! ಇದಿನ್ನೂ ಇದೆಯೇನಮ್ಮ!" ಎಂದು ಕೂಗಿದರು. ತಮ್ಮ ದನಿ ತಮಗೇ ಕೇಳದವರ ಕೂಗು ಅದು. ಬೀದಿಯ ಆಚೆ ಬದಿಯಲ್ಲಿ ತರಕಾರಿ ಆರಿಸುತ್ತಿದ್ದವರೂ ತಲೆ ಎತ್ತಿದರು.

ಊಟದ ಮೇಜಿನ ಮೇಲೆ ಯಂತ್ರ ಕೂತಿತು. ಮೇಷ್ಟ್ರು ಎದ್ದು ನಿಂತು, ಗಂಟಲು ಬಿಚ್ಚಿ ಅಂದಾಜು ಪತ್ರ ಓದತೊಡಗಿದರು. ಕೀಬೋರ್ಡಿಗೆ ಹನ್ನೆರಡು ಸಾವಿರ ಕಳೆದಿದೆ. "ಹೌದು ಹೌದು," ಎಂದರು ಸಾಹೇಬರು. ಕವಚಕ್ಕೆ ಹದಿನೈದು. "ಹೌದು ಹೌದು." ಮೇಷ್ಟ್ರಿಗೆ ಅನುಮಾನ ಬಂತು. "ನಿಮಗೆ ಇದು ಒಪ್ಪಿಗೆ ಇಲ್ಲ ಅಲ್ವಾ?" ಎಂದು ಕೇಳಿದರು. ಸಾಹೇಬರು ಅಷ್ಟೇ ನಗುಮುಖದಿಂದ, "ಹೌದು ಹೌದು," ಎಂದರು.

ಮೇಷ್ಟ್ರು ಕಾಗದ ಕೆಳಗಿಟ್ಟರು. "ಇದು ಆಗಲ್ಲಮ್ಮ. ಅರ್ಥ ಆಗದವರ ಸಹಿ ನಾನು ತಗೊಳ್ಳಲ್ಲ."

ಅಕ್ಕ ಕುರ್ಚಿ ಎಳೆದುಕೊಂಡು ಯಂತ್ರದ ಮುಂದೆ ಕೂತು ಸ್ವಿಚ್ಚು ಹಾಕಿ, ಫ್ಲಾಪಿಯನ್ನು ತಳ್ಳಿದಳು. ಡ್ರೈವು ಗರಗರ ಅಂದಿತು, ಹಸಿರು ಪಟ್ಟಿ ಮೇಲೆ ಬಂದು ಗಾಜಿಗೆ ಅಂಟಿದ್ದ ಕಲೆಯ ಮೇಲೆ ಸರಿಯಾಗಿ ಕೂತಿತು. ಅವಳ ಬೆರಳುಗಳು ಗುಂಡಿಗಳ ಮೇಲೆ ಓಡಿದವು. ಸಾಹೇಬರು ಕುತೂಹಲದಿಂದ ಕುರ್ಚಿಯನ್ನು ಹತ್ತಿರಕ್ಕೆ ಎಳೆದು, ಪರದೆಗೆ ಮೂಗು ತಾಗುವಂತೆ ಬಗ್ಗಿ, ಗಟ್ಟಿಯಾಗಿ ಓದಿದರು:

"'ಸಾರ್, ಇವರು ಹಳೇ ಕಂಪ್ಯೂಟರಿಗೆ ಬೆಲೆ ಕಟ್ಟೋರು. ನಿಮ್ಮ ಯಂತ್ರಕ್ಕೆ ಗಿರಾಕಿ ಬಂದಿದ್ದಾರೆ.' ನನ್ನ ಯಂತ್ರವಾ? ಇದು ನಿಂದಲ್ವೇನಮ್ಮ?"

ಟಕಟಕ ಟಕಟಕ. "'ಚೀಟಿಯಲ್ಲಿ ನಿಮ್ಮ ಹೆಸರಿದೆ. ನೀವು ಇರಲಿ ಅಂದಿರಿ. ಇಟ್ಟುಕೊಂಡಿದ್ದೆ.' ಭಲೇ! ವಕೀಲರ ಅರ್ಜಿ ಟೈಪ್ ಮಾಡಿ ಮಾಡಿ ವಕೀಲಳೇ ಆಗಿಬಿಟ್ಟಿದ್ದೀಯ."

ಹೀಗೆ ಶುರುವಾಯಿತು. ಮೇಷ್ಟ್ರು ಒಂದೊಂದು ಸಾಲನ್ನೂ ಹೇಳುವುದು, ಅಕ್ಕ ಕುಟ್ಟುವುದು, ಸಾಹೇಬರು ಓದಿ ತೀರ್ಪು ಕೊಡುವುದು. ಯಾವ ಮಾತಿಗೂ ಈಗ ಸುಮ್ಮನೆ ಹೌದು ಹೌದು ಇರಲಿಲ್ಲ. ಪರದೆಯ ಕಲೆಗೆ ಇಪ್ಪತ್ತು ಸಾವಿರ ಹೆಚ್ಚಾಯಿತು ಎಂದು ಜಗಳ ತೆಗೆದರು. ನಂಬರಿನ ಪೇಂಟಿಗೆ ಎಂಟು ಸಾವಿರ ಕಳೆದದ್ದು ಕಂಡು, ಅದನ್ನು ಬರೆದ ಜವಾನನ ಅಕ್ಷರ ಎಷ್ಟು ದುಂಡಗಿತ್ತು ಎಂದು ವಾದಿಸಿದರು. ವರ್ಷದಿಂದ ಇಷ್ಟು ಮಾತಾಡಿರದ ಮನುಷ್ಯ ಮಾತಿನ ರುಚಿ ಹತ್ತಿ ಕೆನ್ನೆ ಕೆಂಪೇರಿ ಕೂತಿದ್ದರು. ಅಕ್ಕನಿಗೆ ಅದನ್ನು ನೋಡಿಯೇ ಹೊಟ್ಟೆ ತುಂಬಿತು. ಕೊನೆಯ ಸಾಲು ಬರುವವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು.

"'ಮಾರುಕಟ್ಟೆ ಬೆಲೆ ಇಪ್ಪತ್ತೊಂದು ಸಾವಿರ. ಕೊಳ್ಳುವವರು ಒಪ್ಪಿದ ಬೆಲೆ ಎಂಬತ್ತೆರಡು ಸಾವಿರ.'" ಸಾಹೇಬರು ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದರು. ಮೂವತ್ತು ವರ್ಷ ಫೈಲು ನೋಡಿದ ಕಣ್ಣು ಅದು. "ನಾಲ್ಕು ಪಾಲು ಕೊಡೋ ಆ ಪುಣ್ಯಾತ್ಮ ಯಾರಪ್ಪ? ಹೆಸರೇನು?"

ಅಕ್ಕನ ಬೆರಳು ನಿಂತವು. ಮೇಷ್ಟ್ರು ಚಾವಣಿ ನೋಡಿದರು. ಸುಳ್ಳು ಬಾರದ ಮೇಷ್ಟ್ರ ಮುಖ ಎಲ್ಲವನ್ನೂ ಹೇಳಿಬಿಟ್ಟಿತು.

"ಎಂಬತ್ತೆರಡು," ಎಂದರು ಸಾಹೇಬರು. "ಕಿವಿ ಮಷೀನಿನ ಬೆಲೆ. ನನ್ನ ಮಗಳು ನಿನಗೂ ಹೇಳಿದ್ದಾಳೆ. ಎತ್ತಮ್ಮ ಇದನ್ನ. ನಿನ್ನ ಬೆವರಿನ ದುಡ್ಡು ಕಿವಿಗೆ ಸಿಕ್ಕಿಸಿಕೊಂಡು ನಾನು ಯಾರ ಮಾತು ಕೇಳಬೇಕು?"

ಅಕ್ಕ ಜೋರಾಗಿ ಕುಟ್ಟಿದಳು. ಸಾಹೇಬರು ಓದಲೊಲ್ಲೆ ಎಂದು ಮುಖ ತಿರುಗಿಸಿದರು. ಆದರೆ ಬರೆದದ್ದು ಎದುರಿಗಿದ್ದರೆ ಓದದೆ ಇರುವುದು ಅವರ ಜಾತಕದಲ್ಲಿರಲಿಲ್ಲ. "'ಯಂತ್ರ ನನಗೆ ಬೇಕು. ನನ್ನ ಮಟ್ಟಿಗೆ ಅದರ ಬೆಲೆ ಇಷ್ಟು. ಮಾರುವವರಿಗೆ ಕೊಳ್ಳುವವಳ ಕಾರಣ ಯಾಕೆ?' ಯಾಕೆ ಅಂದ್ರೆ ಮಾರೋಕೆ ಇದು ನನ್ನದಲ್ಲ! ಯಾವತ್ತೂ ನನ್ನದಾಗಿರಲಿಲ್ಲ!"

ಮಾತಿನ ಭರದಲ್ಲಿ ಅವರು ಎದ್ದು ನಿಂತಿದ್ದರು. "ಕೇಳ್ರೀ ಬೆಲೆ ಕಟ್ಟೋರೇ, ನೀವಾದ್ರೂ ಕೇಳಿ. ಇದು ಸುಟ್ಟಿರಲಿಲ್ಲ. ಚೆನ್ನಾಗಿ ನಡೀತಿತ್ತು. ಹೊಸದು ನಾಲ್ಕು ಬಂದಿತ್ತು, ಇದು ಮೂಲೇಲಿತ್ತು. ನಾನು ಕೂತು ಬರೆದೆ, ಸುಟ್ಟುಹೋಗಿದೆ ಅಂತ. ನಾನೇ ಬರೆದೆ, ನಾನೇ ಸಹಿ ಹಾಕಿದೆ, ನಾನೇ ನೂರ ಇಪ್ಪತ್ತಕ್ಕೆ ಕೊಂಡೆ. ಇನ್ನೇನು ಮಾಡ್ಲಿ? ಇವಳಷ್ಟು ಚೆನ್ನಾಗಿ ಟೈಪ್ ಮಾಡೋರು ಆ ಕಟ್ಟಡದಲ್ಲೇ ಇರಲಿಲ್ಲ. ಮನೇಲಿ ಮೂರು ಹೊಟ್ಟೆ. ಕಳ್ಳತನ ಅಂದ್ರೆ ಕಳ್ಳತನ. ಹಾಗಾಗಿ ದುಡ್ಡು ಬರೋದಾದ್ರೆ ಆಫೀಸಿಗೆ ಹೋಗಬೇಕು, ನನಗಲ್ಲ. ಮುಗೀತು!"

ಕಿಟಕಿ ತೆರೆದೇ ಇತ್ತು. ಅಷ್ಟು ವರ್ಷ ಎದೆಯಲ್ಲಿ ಮುಚ್ಚಿಟ್ಟುಕೊಂಡಿದ್ದನ್ನು ಸಾಹೇಬರು ಇಡೀ ಬೀದಿಗೆ ಸಾರಿದ್ದರು. ಅಕ್ಕ ಬಿಟ್ಟ ಕಣ್ಣು ಬಿಟ್ಟಂತೆಯೇ ಕೂತಿದ್ದಳು. ತನ್ನ ಕೈಗುಣದಿಂದ ಬದುಕಿತೆಂದು ತಂಗಿಯರಿಗೆ, ತಂಗಿಯರ ಮಕ್ಕಳಿಗೆ ನೂರು ಸಲ ಹೇಳಿದ ಕಥೆ ಅದು. ಅದು ಸತ್ತೇ ಇರಲಿಲ್ಲ. ಪುಟದಲ್ಲಿ ಒಂದು ತಪ್ಪನ್ನು ಸಹಿಸದ ಈ ಮನುಷ್ಯ ತನಗಾಗಿ ಇಡೀ ಪುಟವನ್ನೇ ಸುಳ್ಳು ಬರೆದಿದ್ದರು.

ಅವಳು ಮೆಲ್ಲಗೆ ಕುಟ್ಟಿದಳು. ಸಾಹೇಬರು ಬಗ್ಗಿ ಓದಿದರು. "'ಯಾರಿಗೂ ಗೊತ್ತಾಗಲಿಲ್ವಾ?'" ಅವರ ದನಿ ತಗ್ಗಿತು. "ಗೊತ್ತಾಗದೆ? ಮುಂದಿನ ವರ್ಷವೇ ಆಡಿಟ್ಟಿನಲ್ಲಿ ಬಂತು. ಸುಟ್ಟಿದೆ ಅಂತ ರಿಪೇರಿಯವನ ಸರ್ಟಿಫಿಕೇಟು ಎಲ್ಲಿ ಅಂದ್ರು. ನನ್ನ ಹತ್ರ ಎಲ್ಲಿಂದ ಬರಬೇಕು? ತಪ್ಪು ಒಪ್ಪಿಕೊಂಡೆ. ಎರಡು ಇನ್‌ಕ್ರಿಮೆಂಟು ಶಾಶ್ವತವಾಗಿ ಕತ್ತರಿಸಿದ್ರು. ಅದೆಲ್ಲ ಹಳೇ ಮಾತು, ಬಿಡು."

ಅಕ್ಕನಿಗೆ ಕಣ್ಣು ತುಂಬಿ ಗುಂಡಿಗಳು ಕಾಣಲಿಲ್ಲ. ಆ ವರ್ಷ ತನ್ನ ಮನೆಯಲ್ಲಿ ಮೊದಲ ಸಲ ಹೊಸ ಬಟ್ಟೆ ಬಂದಿತ್ತು. ಸಾಹೇಬರು ಆಗೊಮ್ಮೆ ಬಂದವರು ತಂಗಿಯ ಅಂಗಿಯ ಬಣ್ಣ ಚೆನ್ನಾಗಿದೆ ಎಂದು ಹೊಗಳಿ ಹೋಗಿದ್ದರು.

ಇಷ್ಟು ಹೊತ್ತು ಮೂಲೆಯಲ್ಲಿ ನಿಂತಿದ್ದ ಮೇಷ್ಟ್ರು ತಟ್ಟನೆ ಮುಂದೆ ಬಂದರು. ಜೇಬಿನಿಂದ ಪೆನ್ನು ತೆಗೆದು, ಅಂದಾಜು ಪತ್ರದ ಹಿಂಬದಿ ತಿರುಗಿಸಿ, "ಅಮ್ಮ, ಕೇಳಿ ಇವರನ್ನ. ಒಂದು ಇನ್‌ಕ್ರಿಮೆಂಟು ಅಂದ್ರೆ ತಿಂಗಳಿಗೆ ಎಷ್ಟು? ಅದಾದ ಮೇಲೆ ಎಷ್ಟು ವರ್ಷ ಸರ್ವಿಸು?" ಎಂದರು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಕುಟ್ಟಿದಳು. ಸಾಹೇಬರು ಓದಿ, "ನೂರು. ಹದಿನೇಳು ವರ್ಷ. ಅದು ಯಾಕೀಗ?" ಎಂದರು.

ಮೇಷ್ಟ್ರು ಬರೆದರು. ಮೊದಲನೆಯದು ಹದಿನೇಳು ವರ್ಷಕ್ಕೆ ಇಪ್ಪತ್ತು ಸಾವಿರದ ನಾನೂರು. ವರ್ಷ ಕಳೆದು ಬರಬೇಕಿದ್ದ ಎರಡನೆಯದು ಹದಿನಾರು ವರ್ಷಕ್ಕೆ ಹತ್ತೊಂಬತ್ತು ಸಾವಿರದ ಇನ್ನೂರು. ನಡುವೆ ಕೂಡುವ ಗುರುತು ಹಾಕಿ ಅಡ್ಡಗೆರೆ ಎಳೆದರು. ಅವರ ಕೈಯಲ್ಲಿ ಆ ಗುರುತು ಸ್ವಲ್ಪ ಓರೆಯಾಗಿ ಬಂತು.

"ಬರೀರಿ ಅಮ್ಮ, ನಾನು ಹೇಳಿದ ಹಾಗೇ ಬರೀರಿ. ಈ ಯಂತ್ರ ಹೊಸದಾಗಿ ಬಂದಾಗ ಬೆಲೆ ಮೂವತ್ತೆಂಟು ಸಾವಿರ. ನಂಗೆ ಬಾಯಿಪಾಠ. ಇವರ ಸಂಬಳದಲ್ಲಿ ಆಫೀಸು ಹಿಡಿದಿದ್ದು ಮೂವತ್ತೊಂಬತ್ತು ಸಾವಿರದ ಆರುನೂರು. ಪೆನ್ಷನ್ನಿಗೆ ಬಿದ್ದ ಏಟು ಬೇರೆ, ಅದನ್ನ ನಾನು ಹಿಡಿದೇ ಇಲ್ಲ. ಅಂದ್ರೆ ಮೂರು ವರ್ಷದ ಹಳೇ ಯಂತ್ರಕ್ಕೆ ಇವರು ಹೊಸದರ ಬೆಲೆಗಿಂತ ಹೆಚ್ಚು ಕೊಟ್ಟಿದ್ದಾರೆ. ಆಫೀಸಿಗೆ ಒಂದು ಪೈಸೆ ನಷ್ಟ ಇಲ್ಲ. ಇಷ್ಟು ನ್ಯಾಯವಾಗಿ ದುಡ್ಡು ಕಟ್ಟಿ ಕೊಂಡ ಯಂತ್ರ ನನ್ನ ಮೇಜಿಗೆ ಇದುವರೆಗೂ ಬಂದಿಲ್ಲ. ಇದು ಅವರದೇ. ಅವರೇ ಮಾರಬೇಕು. ಬರೀರಿ!"

ಟಕಟಕ ಟಕಟಕ. ಸಾಹೇಬರು ಓದುತ್ತಾ ಹೋದರು. ಮೊದಮೊದಲು ಗದರಿದಂತಿದ್ದ ದನಿ ಬರಬರುತ್ತಾ ಗುಮಾಸ್ತನು ಒಪ್ಪಿಸುವ ಪಾಠದಂತಾ‌ಯಿತು. ಮುಗಿದ ಮೇಲೆ ಕಾಗದ ಕಿತ್ತುಕೊಂಡು ಲೆಕ್ಕವನ್ನು ತಾವೇ ಮತ್ತೊಮ್ಮೆ ಮಾಡಿದರು. ಬೆರಳು ಮಡಿಸಿ ಮಡಿಸಿ ವರ್ಷ ಎಣಿಸಿದರು. ತಪ್ಪಿರಲಿಲ್ಲ. ತಪ್ಪು ಸಿಗದಿದ್ದುದಕ್ಕೆ ಅವರಿಗೆ ಬೇಸರವಾದಂತಿತ್ತು.

"ಈ ಮನುಷ್ಯನನ್ನ ಎಲ್ಲಿಂದ ಹಿಡ್ಕೊಂಡು ಬಂದೆಯಮ್ಮ?" ಎಂದರು.

ಅಕ್ಕ ಕೀಬೋರ್ಡು ಬಿಟ್ಟು ಎರಡೂ ಕೈ ಜೋಡಿಸಿದಳು. ಮೂವತ್ತು ವರ್ಷದಲ್ಲಿ ಅವಳು ಅವರ ಮುಂದೆ ಕೈ ಜೋಡಿಸಿ ಬೇಡಿದ್ದು ಅದೊಂದೇ ಸಲ. ಕೆಲಸ ಹೋದ ದಿನವೂ ಬೇಡಿರಲಿಲ್ಲ. ಸಾಹೇಬರು ಆ ಕೈಗಳನ್ನು ನೋಡಿದರು. ಬೆರಳ ತುದಿಗಳು ಚಪ್ಪಟೆಯಾಗಿ ಗಟ್ಟಿಗಟ್ಟಿದ್ದವು. ಅವರು ಕುರ್ಚಿಯಲ್ಲಿ ಕೂತು, ಕಾಗದವನ್ನು ಮೇಜಿನ ಮೇಲೆ ಹರಡಿ, 'ಮಾರುವವರ ಸಹಿ' ಎಂದಿದ್ದ ಕಡೆ ತಮ್ಮ ಪೂರ್ತಿ ಹೆಸರು ಬರೆದು, ಕೆಳಗೆ ತಾರೀಖು ಹಾಕಿದರು.

"ಕಿವಿ ಡಾಕ್ಟರ ಹತ್ರ ನೀನೂ ಬರಬೇಕು," ಎಂದರು. "ಅವರು ಏನಂತಾರೋ ನಂಗೆ ಕೇಳಲ್ಲ. ನಾಳೆ ಆಗುತ್ತಾ?"

ಅಕ್ಕ ಆಗುತ್ತೆ ಎಂದು ಮೂರು ಸಲ ತಲೆಯಾಡಿಸಿ, ಬ್ಯಾಗಿನಿಂದ ದುಡ್ಡಿನ ಲಕೋಟೆ ತೆಗೆದು ಅವರ ಮುಂದಿಟ್ಟಳು. ಮೇಷ್ಟ್ರು ಕಾಗದವನ್ನು ಮಡಿಸಿ ಅವಳಿಗೂ, ಅದರ ಕಾರ್ಬನ್ ಪ್ರತಿಯನ್ನು ಸಾಹೇಬರಿಗೂ ಕೊಟ್ಟು, ಇನ್ನು ಹೊರಡೋಣವೆಂದು ಯಂತ್ರದ ಕಡೆ ಕೈ ಚಾಚಿದರು.

"ಒಂದು ನಿಮಿಷ ಮೇಷ್ಟ್ರೇ," ಎಂದಳು ಅಕ್ಕ.

ಅವಳು ಪರದೆಯ ಮೇಲಿದ್ದ ಲೆಕ್ಕ, ವಾದ, ಬೆಲೆ ಎಲ್ಲವನ್ನೂ ಅಳಿಸಿದಳು. ಖಾಲಿ ಹಸಿರಿನ ಮೇಲೆ, ಈ ಸಲ ಅವಸರವಿಲ್ಲದೆ, ಇಷ್ಟು ವರ್ಷ ಅವರಿಗೆ ಹೇಳದೆ ಉಳಿದಿದ್ದ ನಾಲ್ಕೈದು ಸಾಲು ಟೈಪ್ ಮಾಡಿ, ಕುರ್ಚಿಯಿಂದೆದ್ದು ಪಕ್ಕಕ್ಕೆ ನಿಂತಳು. ಬೆಳಗಿನಿಂದ ಪರದೆಯ ಮೇಲೆ ಬಂದದ್ದನ್ನೆಲ್ಲ ಬೀದಿಗೆ ಕೇಳುವ ಹಾಗೆ ಓದಿದ ಸಾಹೇಬರು ಇದನ್ನು ಮಾತ್ರ ಗಟ್ಟಿಯಾಗಿ ಓದಲಿಲ್ಲ. ತುಟಿಯನ್ನೂ ಅಲುಗಿಸಲಿಲ್ಲ. ಕೊನೆಯ ಸಾಲಿಗೆ ಬಂದವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಮೊದಲನೆಯ ಸಾಲಿಗೆ ಹಿಂದಿರುಗಿದರು. ಮೇಷ್ಟ್ರು ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಕಾದು ನಿಂತರು.